ರೈಲು ಟೀಚರ್

ಬೋರ್ಡಿನ ಮೇಲೆ ಬರೆಯುತ್ತಿದ್ದವಳಿಗೆ ಹಿಂದಿನ ಬಾಗಿಲು ಕಿರ್ರೆಂದದ್ದು ಕೇಳಿಸಿತು. ತಿರುಗದೆಯೇ ಯಾರೆಂದು ಗೊತ್ತಾಯಿತು. ದೊಡ್ಡ ಟೀಚರು ಇವತ್ತೂ ಬಂದು ಪಕ್ಕದ ಗೋಡೆಯ ಬಳಿಯ ಕುರ್ಚಿಯಲ್ಲಿ ಕೂತರು. ಕೈಚೀಲ ಮಡಿಲಲ್ಲಿಟ್ಟುಕೊಂಡು, ಕನ್ನಡಕ ಸರಿಮಾಡಿಕೊಂಡು, ಅವಳನ್ನು ಬಿಟ್ಟು ವಿದ್ಯಾರ್ಥಿಗಳ ಮುಖಗಳನ್ನೇ ನೋಡತೊಡಗಿದರು.

ಕೇಳಿ ಬರಲಿಲ್ಲ, ಹೇಳಿ ಬರಲಿಲ್ಲ. ತನ್ನ ಕ್ಲಾಸಿನಲ್ಲಿ ಈಕೆಗೇನು ಕೆಲಸ?

ಊರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿ ಸೈ ಅನ್ನಿಸಿಕೊಂಡಿದ್ದವಳು ಅವಳು. ಆ ಶಾಲೆ ಮುಚ್ಚಿದ ಮೇಲೆ ಗಂಡನನ್ನೂ ಮಗಳನ್ನೂ ಬಿಟ್ಟು ಈ ದೇಶಕ್ಕೆ ಬಂದಿದ್ದಳು. ಇಲ್ಲಿಯ ಇಂಗ್ಲಿಷ್ ಕಲಿಸುವ ಸಂಸ್ಥೆಯಲ್ಲಿ ಅವಳೆದುರು ಕೂರುವವರು ಮಕ್ಕಳಲ್ಲ. ನರ್ಸುಗಳು, ಡ್ರೈವರುಗಳು, ಅಂಗಡಿಯವರು. ಮೊದಲ ಮೂರು ತಿಂಗಳು ಪರೀಕ್ಷೆ, ಆಮೇಲೆ ನೌಕರಿ ಖಾಯಂ ಎಂದು ಡೈರೆಕ್ಟರು ಹೇಳಿದ್ದರು. ಸಂಸ್ಥೆಯ ಮನೆಯಲ್ಲಿ ಜೊತೆಗೆ ಇದ್ದವರು ದೊಡ್ಡ ಟೀಚರು. ಅವರೂ ಕನ್ನಡದವರೇ ಎಂದು ತಿಳಿದಾಗ ಹೋದ ಜೀವ ಬಂದಂತಾಗಿತ್ತು. "ಅಕ್ಕಾ" ಎಂದು ಬಾಯ್ತುಂಬ ಕರೆದಿದ್ದಳು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ಅಕ್ಕನ ಸುತ್ತ ವಿದ್ಯಾರ್ಥಿಗಳು ಗುಂಪುಗೂಡುತ್ತಿದ್ದರು. ಇಲ್ಲಿಯ ಭಾಷೆಯಲ್ಲಿ ಗುಸುಗುಸು ನಡೆಯುತ್ತಿತ್ತು. ಅವಳು ಹತ್ತಿರ ಬಂದರೆ ಎಲ್ಲರ ಬಾಯಿಗೂ ಬೀಗ. ಅವಳು ದಾಟಿ ಹೋದ ಮೇಲೆ ಯಾರೋ ಒಂದು ಪದ ಅನ್ನುವುದು, ಉಳಿದವರು ಕಿಸಕ್ಕನೆ ನಗುವುದು. ಆ ಪದದ ಅರ್ಥ ಗೊತ್ತಿಲ್ಲದಿದ್ದರೂ ಅದು ತನಗಿಟ್ಟ ಹೆಸರೆಂದು ಊಹಿಸಲು ಜಾಣತನವೇನೂ ಬೇಕಿರಲಿಲ್ಲ.

ಒಂದು ಸಂಜೆ ಅಕ್ಕ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು: "ಹೊಸಬಳು ಇದ್ದಾಳೆ, ನೋಡೋಣ. ಅವಳದು ಒಂದು ದಡ ಸೇರ್ಲಿ, ಆಮೇಲೆ ನಂದು." ಅವಳು ಒಳಬಂದದ್ದು ಕಂಡಕೂಡಲೇ ಮಾತು ಹವೆಯ ಕಡೆಗೆ ತಿರುಗಿತು.

ಇದನ್ನೆಲ್ಲ ಗಂಡನಿಗೆ ಹೇಳಿದಾಗ ಅವನು, "ಅಯ್ಯೋ ಪೆದ್ದಿ, ಅಷ್ಟೂ ಗೊತ್ತಾಗಲ್ವಾ? ನೀನು ಖಾಯಂ ಆದ್ರೆ ಅವಳ ಕುರ್ಚಿ ಅಲ್ಲಾಡತ್ತೆ. ನಿನ್ನ ಕಾಲೆಳೀತಿದ್ದಾಳೆ" ಎಂದ. "ಅಕ್ಕ ಪಕ್ಕ ಅಂತ ತಲೆ ಮೇಲೆ ಕೂರಿಸ್ಕೋಬೇಡ."

ಅಂದಿನಿಂದ ಅವಳು ಹಾಲಿನ ಪಾತ್ರೆಯನ್ನೂ ಬೇರೆ ಮಾಡಿಕೊಂಡಳು. ಸ್ನಾನಕ್ಕೆ ಹೋಗುವಾಗಲೂ ಸೂಟ್‌ಕೇಸಿಗೆ ಬೀಗ ಹಾಕುತ್ತಿದ್ದಳು. ಅಕ್ಕ ಚಹಾ ಕೊಟ್ಟರೆ, "ಈಗಷ್ಟೇ ಕುಡಿದೆ" ಅನ್ನುತ್ತಿದ್ದಳು.

ಹೀಗಿರುವಾಗ ಡೈರೆಕ್ಟರು ಕರೆಸಿ, ಕೆಲಸ ಒಗ್ಗಿತೇ, ಏನಾದರೂ ತೊಂದರೆಯಿದೆಯೇ ಎಂದು ಕೇಳಿದರು. ಅವಳು ಎರಡು ಸಲ "ಇಲ್ಲ" ಅಂದಳು. ಮೂರನೆಯ ಸಲ ತಡೆದುಕೊಳ್ಳಲಾಗಲಿಲ್ಲ. ದೊಡ್ಡ ಟೀಚರು ಕೇಳದೆ ಬಂದು ಕ್ಲಾಸಿನಲ್ಲಿ ಕೂರುತ್ತಾರೆ, ಆಮೇಲೆ ವಿದ್ಯಾರ್ಥಿಗಳ ಜೊತೆ ಏನೇನೋ ಮಾತಾಡುತ್ತಾರೆ, ತನಗೆ ಕಿರಿಕಿರಿಯಾಗುತ್ತದೆ ಎಂದುಬಿಟ್ಟಳು. ಡೈರೆಕ್ಟರು ಹುಬ್ಬೇರಿಸಿ, "ಹೌದೇ? ಹೇಳಿದ್ದು ಒಳ್ಳೆಯದಾಯಿತು" ಎಂದರು. ಹೊರಬಂದಾಗ ಅವಳ ಮನಸ್ಸು ಹಗುರಾಗಿತ್ತು.

ಮರುದಿನ ಹಿಂದಿನ ಬಾಗಿಲು ಸದ್ದು ಮಾಡಲಿಲ್ಲ. ಅವಳು ಹುರುಪಿನಿಂದ ಪಾಠ ಶುರುಮಾಡಿದಳು. ಪ್ರಶ್ನೆ ಕೇಳಿದಳು. ಯಾರೂ ಬಾಯಿಬಿಡಲಿಲ್ಲ. ಇನ್ನೊಂದು ಕೇಳಿದಳು. ಡ್ರೈವರೊಬ್ಬ ತಿರುಗಿ ಗೋಡೆಯ ಬಳಿಯ ಖಾಲಿ ಕುರ್ಚಿಯತ್ತ ನೋಡಿದ. ಅವನ ಹಿಂದೆ ಇನ್ನಿಬ್ಬರು ನೋಡಿದರು. ಕ್ಲಾಸು ಮುಗಿಯುವವರೆಗೂ ಅವಳೊಬ್ಬಳೇ ಮಾತಾಡಿದಳು.

ಎಲ್ಲರೂ ಹೋದ ಮೇಲೆ ನರ್ಸ್ ಒಬ್ಬಳು ಹಿಂದುಳಿದಳು. ಇದ್ದಬದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು: "ಟೀಚರ್, ಕೋಪ ಮಾಡಬೇಡಿ. ನೀವು ಮಾತಾಡೋದು ತುಂಬ ಫಾಸ್ಟ್. ನಮಗೆ ಹಿಡಿಯೋಕಾಗಲ್ಲ. ದೊಡ್ಡ ಟೀಚರ್ ನಮ್ಮ ಮುಖ ನೋಡಿ ಎಲ್ಲಿ ಅರ್ಥ ಆಗಿಲ್ಲ ಅಂತ ತಿಳ್ಕೊಳ್ತಾರೆ. ಆಮೇಲೆ ಹೊರಗೆ ಮತ್ತೆ ಹೇಳಿಕೊಡ್ತಾರೆ. ನಾವು ಆಫೀಸಿಗೆ ದೂರು ಕೊಡ್ತೀವಿ ಅಂದ್ವಿ. ಬೇಡ, ಸ್ವಲ್ಪ ತಾಳಿ ಅಂದ್ರು."

ಅವಳು ಕಾರಿಡಾರಿನಲ್ಲಿ ಕೇಳಿದ್ದ ಆ ಪದವನ್ನು ನೆನಪಿಸಿಕೊಂಡು, ಹಾಗಂದರೇನು ಎಂದು ಕೇಳಿದಳು.

ನರ್ಸಿನ ಮುಖ ಕೆಂಪಾಯಿತು. "ರೈಲು, ಟೀಚರ್. ನಿಲ್ಲೋದೇ ಇಲ್ವಲ್ಲ, ಅದಕ್ಕೆ."

ಮನೆಗೆ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ತಲೆಯೆತ್ತಲಿಲ್ಲ.

"ಯಾಕಕ್ಕ ನನಗೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿದ್ಯಾ?" ಚಾಕು ನಿಲ್ಲಲಿಲ್ಲ. "ಸ್ನಾನಕ್ಕೆ ಹೋಗೋವಾಗ್ಲೂ ಪೆಟ್ಟಿಗೆಗೆ ಬೀಗ ಜಡೀತೀಯ. ಆ ಸದ್ದು ನನ್ನ ರೂಮಿಗೂ ಕೇಳತ್ತೆ ಕಣೆ."

ಅವಳು ಸಿಂಕಿನಲ್ಲಿದ್ದ ಲೋಟ ತೊಳೆಯತೊಡಗಿದಳು.

"ನಿನ್ನ ಮೇಲೆ ಮಮತೆ ಉಕ್ಕಿ ಮಾಡ್ದೆ ಅಂತಲೂ ಅಂದ್ಕೋಬೇಡ. ನನ್ನ ಮಗಳಿಗೆ ತಿಂಗಳು ತುಂಬಿದೆ. ಊರಲ್ಲಿ ಅವಳನ್ನ ನೋಡ್ಕೊಳ್ಳೋರು ಯಾರೂ ಇಲ್ಲ. ಹೊಸಬಳು ಕ್ಲಾಸು ಸಂಭಾಳಿಸಿದ್ರೆ ನಿಮಗೆ ರಜ ಅಂದಿದ್ರು ಡೈರೆಕ್ಟರು. ಇವತ್ತು ಬೆಳಿಗ್ಗೆ ಕರೆದು, ಅವಳ ಕ್ಲಾಸು ನಿಮ್ಮಿಂದ ನಡೀತಿದೆ ಅಂತಾದ್ರೆ ನಿಮ್ಮನ್ನ ಹೇಗೆ ಕಳಿಸ್ಲಿ ಅಂದ್ರು." ಹೆಚ್ಚಿದ್ದನ್ನು ಬಾಣಲೆಗೆ ಸುರಿದು ಮೂಗು ಒರೆಸಿಕೊಂಡರು. "ಈರುಳ್ಳಿ. ಬೇರೇನಿಲ್ಲ."

ಗಂಡ ಫೋನಿನಲ್ಲಿ ಎಲ್ಲ ಕೇಳಿ ನಕ್ಕ. "ಮಗಳ ಹೆರಿಗೆಯಂತೆ! ನೀನು ಕಣ್ಣಾರೆ ನೋಡಿದ್ಯಾ? ಇದೂ ಒಂದು ಆಟ ಇರಬಹುದು."

ಅವಳು ಫೋನಿಟ್ಟಳು. ಆದರೆ ಆ ಮಾತು ಕಿವಿಯಲ್ಲಿ ಸಿಕ್ಕ ನೀರಿನಂತೆ ಒಳಗೇ ಉಳಿಯಿತು. ಅಕ್ಕನ ಮಗಳ ಫೋಟೊ ಒಂದಾದರೂ ಈ ಮನೆಯಲ್ಲಿ ಕಂಡ ನೆನಪಿರಲಿಲ್ಲ. ಕೇಳೋಣವೆಂದು ಅಕ್ಕನ ರೂಮಿನವರೆಗೆ ಹೋದಳು. ಒಳಗಿಂದ, "ಕಾಲು ಊದಿದ್ರೆ ದಿಂಬಿನ ಮೇಲಿಟ್ಕೊಂಡು ಮಲಗು, ಪುಟ್ಟಿ" ಎನ್ನುವ ದನಿ ಕೇಳಿಸಿತು. ಇದೂ ತನಗೆ ಕೇಳಿಸಲೆಂದೇ ಇರಬಹುದೇ ಎಂಬ ಯೋಚನೆ ಬಂದಾಗ ತನ್ನ ಮೇಲೇ ಅಸಹ್ಯವಾಯಿತು.

ಬೆಳಿಗ್ಗೆ ನೇರವಾಗಿ ಡೈರೆಕ್ಟರ ಬಳಿ ಹೋದಳು. "ಈ ವಾರ ನೀವೇ ಬಂದು ನನ್ನ ಕ್ಲಾಸಿನಲ್ಲಿ ಕೂತು ನೋಡಿ. ಚೆನ್ನಾಗಿದ್ದರೆ ಅವರಿಗೆ ರಜ ಕೊಡಿ."

"ಚೆನ್ನಾಗಿಲ್ಲದಿದ್ದರೆ?"

"ನನ್ನನ್ನು ಊರಿಗೆ ಕಳಿಸಿ."



ವಿಷಯ ತಿಳಿದ ಅಕ್ಕ ಆ ವಾರವೆಲ್ಲ ಮನೆಯಲ್ಲಿ ಊಟದ ಮೇಜಿನ ಆಚೆ ಕೂತು ಅವಳ ಪಾಠ ಕೇಳಿದರು. "ನಿಲ್ಲು. ಉಸಿರು ತಗೋ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದು ಗದರಿದರು. ಡೈರೆಕ್ಟರು ಬಂದು ಕೂತ ದಿನ ಅವಳು ಒಂದೊಂದು ವಾಕ್ಯವಾದ ಮೇಲೂ ನಿಂತು ಮುಖಗಳನ್ನು ನೋಡಿದಳು. ಅರ್ಥವಾಗದ ಮುಖ ಹೇಗಿರುತ್ತದೆಂದು ಅವಳು ಗಮನಿಸಿದ್ದು ಅದೇ ಮೊದಲು. ಡ್ರೈವರು ತಪ್ಪೋ ಒಪ್ಪೋ, ಎದ್ದು ಉತ್ತರ ಕೊಟ್ಟ. ಡೈರೆಕ್ಟರು ಎದ್ದು ಹೋದರು. ಸಂಜೆ ಅಕ್ಕನಿಗೆ ರಜ ಸಿಕ್ಕಿತು, ಕೇಳಿದ್ದರಲ್ಲಿ ಅರ್ಧದಷ್ಟು.

ಟ್ಯಾಕ್ಸಿ ಬಂದಾಗ ಅವಳು ಅಕ್ಕನ ಪೆಟ್ಟಿಗೆಯನ್ನು ಕೆಳಗೆ ಇಳಿಸಿಕೊಟ್ಟಳು. "ಗ್ಯಾಸ್ ನೆನಪಿಟ್ಟು ಆಫ್ ಮಾಡು" ಎಂದರು ಅಕ್ಕ.

"ವಾಪಸ್ ಬರ್ತೀರಲ್ಲ?"

"ಇನ್ನೂ ಅನುಮಾನಾನಾ ನಿಂಗೆ?" ನಗುತ್ತಲೇ ಅಂದರು. ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ.

ಅವಳು ಮೇಲೆ ಬಂದು ಬಾಲ್ಕನಿಗೆ ಹೋದಳು. ತಂತಿಯ ಮೇಲೆ ಅಕ್ಕನ ಹಸಿರು ಸೀರೆ ಹಾಗೇ ಇತ್ತು. ಮರೆತರೋ, ಬಿಟ್ಟು ಹೋದರೋ. ತೆಗೆದು ಮಡಿಚೋಣವೆಂದು ಕೈಹಾಕಿದಳು. ಸೆರಗು ಇನ್ನೂ ಒದ್ದೆಯಿತ್ತು. ಕ್ಲಿಪ್ಪುಗಳನ್ನು ಬಿಚ್ಚಿ, ಬಿಸಿಲು ಬೀಳುವ ಕಡೆಗೆ ಸರಿಸಿ, ಗಾಳಿಗೆ ಹಾರದಂತೆ ಎರಡೂ ತುದಿಗೆ ಮತ್ತೆ ಸಿಕ್ಕಿಸಿದಳು.