ಹದಿನೇಳನೇ ಸಾಲಿನ ಎರಡು ಸೀಟು

ಕಿಟಕಿಯಾಚೆ ನೇರಳೆ ಬಣ್ಣ ಬಳಿದ ಜೋಳದ ಕಣಜವೊಂದು ಹಾದುಹೋಯಿತು, ಕಣಜವನ್ನೂ ಬಿಟ್ಟಿಲ್ಲ ಇವರು, ಅದರ ಮೇಲೂ ಹಾಲಿಸ್ ಕಾಲೇಜಿನ ಫುಟ್‌ಬಾಲ್ ತಂಡದ ಗುರುತು, ಕೊಕ್ಕರೆ, ಕೊಕ್ಕರೆಯ ತಲೆಗೊಂದು ಹೆಲ್ಮೆಟ್ಟು — ಚೆನ್ನಾಗಿದೆ ಅನ್ನಿಸಬೇಕಿತ್ತು, ಏನೂ ಅನ್ನಿಸಲಿಲ್ಲ, ಕಣಜ ಹೋಯಿತು, ಮತ್ತೆ ಮೆಕ್ಕೆಜೋಳ, ಮೆಕ್ಕೆಜೋಳದ ಹಿಂದೆ ಹೆದ್ದಾರಿ, ಹೆದ್ದಾರಿಯ ತುಂಬ ಕಾರುಗಳು ಬಾವುಟ ಕಟ್ಟಿಕೊಂಡು ಅಲ್ಲಾಡದೆ ನಿಂತಿವೆ, ನಾವು ಅವರನ್ನೆಲ್ಲ ದಾಟಿಕೊಂಡು ಹೋಗುತ್ತಿದ್ದೇವೆ, ಬೋಗಿಯವರೆಲ್ಲ ಕಿಟಕಿಗೆ ಮೂಗೊತ್ತಿ ಹೋ ಎಂದು ಕೂಗಿದರು, ಅಲ್ಲೇ ಕೊಳೀರ್ರೋ ಮಕ್ಳಾ, ಅಂತ ಹಿಂದಿನಿಂದ ಯಾರೋ, ಮತ್ತೆ ನಗು. ವರ್ಲಿನ್ ನೋಡಬೇಕಿತ್ತು ಇದನ್ನು. ಇದಕ್ಕೇ ಅಲ್ಲವೇ ನನ್ನ ಗಂಡ ಅಷ್ಟು ವರ್ಷ ಬಾಯಿಬಾಯಿ ಬಿಟ್ಟದ್ದು, ಆಟದ ಶನಿವಾರ ಬಂತೆಂದರೆ ಅದೇ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಸ್ಟಿಯರಿಂಗಿಗೆ ಹಣೆ ಚಚ್ಚಿಕೊಳ್ಳುತ್ತ, ನಮ್ಮಪ್ಪನ ಕಾಲದಲ್ಲಿ ರೈಲಿತ್ತು ಕಣೇ ಗೆರ್ಡಾ, ಟೋಪಿ ಹಾಕ್ಕೊಂಡು ಟೈ ಕಟ್ಕೊಂಡು ಆಟಕ್ಕೆ ಹೋಗೋರು, ವಾಪಸ್ ಬರೋವಾಗ ಟೋಪೀನೂ ಇರ್ತಿರ್ಲಿಲ್ಲ ಟೈನೂ ಇರ್ತಿರ್ಲಿಲ್ಲ, ಮತ್ತೆ ರೈಲು ಬಿಡ್ಲಿ ನೋಡ್ತಿರು, ಮೊದಲನೇ ಗಾಡೀಲಿ ಕಿಟಕಿ ಪಕ್ಕ ನಾನೇ. ಬಿಟ್ಟರಲ್ಲ, ಇದೇ ಮೊದಲನೇ ಗಾಡಿ, ಕಿಟಕಿ ಪಕ್ಕ ನಾನು ಕೂತಿದ್ದೇನೆ, ಆತ ಜೂನಿನಲ್ಲಿ ಹೋದ, ಗ್ಯಾರೇಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತವನು ಹಾಗೇ ಒರಗಿಕೊಂಡಿದ್ದ, ನಾನು ಊಟಕ್ಕೆ ಎರಡು ಸಲ ಕೂಗಿದ್ದೆ. ಚಳಿಗಾಲದಲ್ಲೇ ಟಿಕೆಟು ತೆಗೆದಿಟ್ಟಿದ್ದ, ಎರಡು, ಅವನ ಫೋನಿನಲ್ಲಿವೆ, ಆ ಫೋನಿಗೆ ನಾನು ದಿನಾ ಚಾರ್ಜ್ ಹಾಕುತ್ತೇನೆ, ಯಾಕೆ ಅಂತ ಮಗಳು ಕೇಳಿದಳು, ಟಿಕೆಟ್ ಇದೆಯಲ್ಲ ಅಂದೆ.

ಟಿಕೆಟಿನ ಹೆಂಗಸು ಬಂದಳು, ಅವಳ ಯಂತ್ರ ಕೀ ಅಂದಿತು, ಇನ್ನೊಂದು ಸಲ ಕೀ ಅಂದಿತು, ಇಬ್ರಾ ಅಮ್ಮಾ, ಇನ್ನೊಬ್ರೆಲ್ಲಿ, ಅಂದಳು — ನನ್ನ ಬಾಯಿಂದ, ದೇವರಾಣೆ ನಾನು ಯೋಚಿಸಲೇ ಇಲ್ಲ, ಬಿಯರ್ ತರೋಕೆ ಹೋಗಿದಾರೆ ಅಂತ ಬಂತು. ಅಷ್ಟೇ. ಅವಳು ನಕ್ಕಳು, ಬೆಳಗ್ಗೆ ಬೆಳಗ್ಗೆನೇನಾ, ಒಳ್ಳೆ ಗಂಡ ಸಿಕ್ಕಿದಾನೆ ನಿಮ್ಗೆ, ಅಂದು ಮುಂದೆ ಹೋದಳು. ಇದನ್ನೆಲ್ಲ ಎದುರು ಸೀಟಿನ ಮಾರ್ಲಿಸ್ ಎಂಬಾಕೆ ಕೇಳಿಸಿಕೊಂಡಿದ್ದಾಳೆ, ಹೆಸರು ಅವಳೇ ಹೇಳಿಕೊಂಡಳು, ಕೆನ್ನೆಯ ಮೇಲೆ ಕೊಕ್ಕರೆ ಬರೆಸಿಕೊಂಡಿದ್ದಾಳೆ, ನನಗಿಂತ ದೊಡ್ಡವಳೇ ಇರಬೇಕು, ಮಡಿಲಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬನ್ನಿಗೆ ತುರುಕಿದ ಸಾಸೇಜುಗಳು, ಆಟದ ದಿನ ಈ ಊರುಗಳ ಹೆಂಗಸರಿಗೆ ಅಪರಿಚಿತರ ಹೊಟ್ಟೆ ತುಂಬಿಸದಿದ್ದರೆ ನಿದ್ದೆ ಬರುವುದಿಲ್ಲ, ನಾನೂ ಹಾಗೇ ಇದ್ದೆ. ತಗೊಳ್ರೀ, ಬಿಸಿ ಇದೆ, ಅಂತ ನನ್ನ ಕೈಗೊಂದು ಇಟ್ಟಳು. ಇದು ನಿಮ್ಮ ಯಜಮಾನ್ರಿಗೆ, ಅಂತ ಬೆಳ್ಳಿ ಕಾಗದ ಸುತ್ತಿದ ಇನ್ನೊಂದನ್ನು ಪಕ್ಕದ ಖಾಲಿ ಸೀಟಿನ ಮೇಲಿಟ್ಟಳು. ಬೇಡ ಅನ್ನಬಹುದಿತ್ತು. ನಿಂತುಕೊಂಡಿದ್ದ ದಪ್ಪನೆಯವನೊಬ್ಬ ಆ ಸೀಟಿಗೆ ಕಣ್ಣು ಹಾಕಿದ, ಯಾರಾದ್ರೂ ಇದಾರಾ ಇಲ್ಲಿ, ಅಂದ, ನಾನು ಬಾಯಿ ತೆರೆಯುವ ಮೊದಲೇ ಮಾರ್ಲಿಸ್, ಇದಾರೆ ಇದಾರೆ, ಸಾಸೇಜ್ ಕಾಣಲ್ವೇನಪ್ಪಾ, ಅಂದು ಅವನನ್ನು ಅಟ್ಟಿಬಿಟ್ಟಳು. ಈಗ ನಾವಿಬ್ಬರು ಹೆಂಗಸರು ಸೇರಿ ಸತ್ತವನಿಗೊಂದು ಸೀಟು ಕಾಯುತ್ತಿದ್ದೇವೆ. ಕಾಗದದ ಮೇಲೆ ಜಿಡ್ಡು ಮೂಡುತ್ತಿದೆ, ಬಿಸಿ ಇಳಿಯುತ್ತಿದೆ, ನಿಮ್ಮವ್ರು ಬಂದೇ ಇಲ್ವಲ್ಲ, ಅಂದಳು, ಕ್ಯೂ ಉದ್ದ ಇರಬೇಕು ಅಂದೆ, ಗಂಡಸ್ರೇ ಹಾಗೆ ಬಿಡಿ, ಕ್ಯೂನಲ್ಲೇ ಸ್ನೇಹ ಮಾಡ್ಕೊಂಡು ಕೂತ್ಬಿಡ್ತಾರೆ, ಅಂದಳು, ಹೂಂ ಅಂದೆ, ನಿಜ, ವರ್ಲಿನ್ ಹಾಗೇ ಮಾಡುತ್ತಿದ್ದ.

ಮೈಕಿನಲ್ಲಿ ಒಬ್ಬಳು ಚಿಲಿಪಿಲಿ ಮಾಡುತ್ತಿದ್ದಾಳೆ, ಗುಡ್ ಮಾರ್ನಿಂಗ್ ಕೊಕ್ಕರೆ ಕುಟುಂಬಾ, ಇವತ್ತಿನ ನಿಮ್ಮ ಆಟದ ದಿನದ ಅನುಭವ ಇಲ್ಲಿಂದ್ಲೇ ಶುರು, ಯಾವ ಬೋಗಿಯವ್ರು ಜೋರಾಗಿ ಕೂಗ್ತಾರೋ ಅವ್ರಿಗೆ ಬಹುಮಾನ — ಕೂಗಿದರು, ನಾನೂ ಬಾಯಿ ತೆರೆದೆ, ಸದ್ದು ಬಂತೋ ಇಲ್ಲವೋ ಗೊತ್ತಿಲ್ಲ. ಅನುಭವ. ಈ ಪದ ಎಲ್ಲಿಂದ ಹಿಡಿದು ತಂದರೋ, ಅನುಭವ ಅಂತೆ ಅನುಭವ, ಎನ್ನುತ್ತಿದ್ದ ವರ್ಲಿನ್, ದೊಡ್ಡ ಪರದೆ ಹಾಕಿದರೂ ಬೈದ, ಕಿವಿ ಹರಿಯುವ ಹಾಡು ಹಾಕಿದರೂ ಬೈದ, ರೈಲೊಂದಕ್ಕೆ ಮಾತ್ರ ಸುಮ್ಮನಾದ. ಬಾಗಿಲ ಹತ್ತಿರ ಒಂದು ಕಂಬ ನಿಲ್ಲಿಸಿದ್ದಾರೆ, ಅದರಲ್ಲಿ ಮೂರು ಗುಂಡಿ, ನಗುವ ಮುಖ, ಅಳುವ ಮುಖ, ನಡುವೆ ಬಾಯಿಯ ಜಾಗದಲ್ಲಿ ಬರೀ ಒಂದು ಗೆರೆ ಇರುವ ಮುಖ, ಪ್ರಯಾಣ ಹೇಗಿತ್ತು ಒತ್ತಿ ಹೇಳಿ ಅಂತ, ಎಲ್ಲರೂ ಹೋಗಿ ನಗುವುದನ್ನು ಒತ್ತಿ ಬರುತ್ತಿದ್ದಾರೆ, ಆ ಗೆರೆಯ ಮುಖದವಳು ನಾನೇ, ಜೂನಿನಿಂದ ನಾನೇ. ಅತ್ತಿಲ್ಲ. ಇಗರ್ಜಿಯಲ್ಲಿ ಅಳಲಿಲ್ಲ, ಮಣ್ಣು ಮಾಡುವಾಗ ಅಳಲಿಲ್ಲ, ಸೀನು ಬರುತ್ತೆ ಬರುತ್ತೆ ಅಂತ ಮೂಗೆತ್ತಿ ಕಾದು ಬಾರದೇ ಹೋಗುತ್ತದಲ್ಲ ಹಾಗೆ, ಹೆಂಗಸರು ಪಾತ್ರೆಗಟ್ಟಲೆ ಅಡುಗೆ ತಂದಿಟ್ಟರು, ನಾನು ಆ ಪಾತ್ರೆಗಳನ್ನು ತೊಳೆದೆ, ಒರೆಸಿದೆ, ಯಾರದ್ದು ಯಾರಿಗೆ ಅಂತ ವಾಪಸ್ಸು ಮುಟ್ಟಿಸಿದೆ, ಎಷ್ಟು ಗಟ್ಟಿ ಹೆಂಗಸು ಅಂದರು, ಗಟ್ಟಿ ಅಲ್ಲ, ಏನೂ ಇಲ್ಲ ಒಳಗೆ, ಅದು ನನಗೊಬ್ಬಳಿಗೇ ಗೊತ್ತು, ಇಷ್ಟು ವರ್ಷ ಜೊತೆಗೆ ಮಲಗಿದವನು ಹೋದರೂ ಏನೂ ಆಗದವಳು ಎಂಥ ಮನುಷ್ಯಳು ಅನ್ನುವುದೂ ನನಗೇ ಗೊತ್ತು. ಹೋದ ವಾರ ಕ್ರೀಡಾಂಗಣದ ಕಚೇರಿಯಿಂದ ಟೇಟ್ ಎಂಬ ಹುಡುಗ ಫೋನ್ ಮಾಡಿದಾಗಲೂ ದನಿ ನಡುಗಲಿಲ್ಲ, ಮೇಡಂ, ನಿಮ್ಮ ಅನುಭವ ಇನ್ನೂ ಚೆನ್ನಾಗಾಗ್ಲಿ ಅಂತ ಆ ಹಳೇ ಬೆಂಚುಗಳನ್ನ ಕಿತ್ತು ಕುರ್ಚಿ ಹಾಕ್ತಿದೀವಿ, ಬೆನ್ನಿಗೆ ಒರಗು, ಲೋಟ ಇಡೋಕೆ ಜಾಗ, ಆದ್ರೆ ಕುರ್ಚಿ ಅಗಲ ನೋಡಿ, ಸಾಲಿಗೆ ಕೆಲವು ಸೀಟು ಕಮ್ಮಿಯಾಗುತ್ತೆ, ನೀವು, ಅಂದ್ರೆ, ಈಗ ಒಬ್ರೇ, ಅಂತ ತಡವರಿಸಿದ, ಪಾಪ, ವರ್ಷಾವರ್ಷ ನಿಮ್ಮ ಹೆಸ್ರಲ್ಲಿರೋ ಎರಡು ಸೀಟಲ್ಲಿ ಒಂದು ಬಿಟ್ಕೊಡ್ತೀರಾ ಎರಡೂ ಇಟ್ಕೋತೀರಾ, ಶನಿವಾರ ನಾನೇ ನಿಮ್ಮ ಹತ್ರ ಬರ್ತೀನಿ, ಅವತ್ತೇ ಹೇಳ್ಬೇಕು. ಲೋಟ ಇಡೋಕೆ ದೇವ್ರು ಕೈ ಕೊಟ್ಟಿದಾನಲ್ಲೋ ಅನ್ನುತ್ತಿದ್ದ ವರ್ಲಿನ್. ನಾನು ಸರಿಯಪ್ಪ ಅಂದೆ. ಒಂದು ಅಂದುಬಿಡುವುದು. ಖಾಲಿ ಬೆಂಚಿಗೆ ಯಾಕೆ ಹಟ, ಯಾರಾದರೂ ಕೂರಲಿ, ಒಂದು ಅಂದುಬಿಟ್ಟರೆ ಮುಗಿಯಿತು.

ಅದಕ್ಕಿಂತ ಕಷ್ಟ ಆರ್ವಿಡ್‌ನದ್ದು. ಕ್ರೀಡಾಂಗಣದ ಹದಿನೇಳನೇ ಸಾಲಿನಲ್ಲಿ ಐದನೇದು ನಾನು, ಆರನೇದು ವರ್ಲಿನ್, ಏಳನೇದು ಆರ್ವಿಡ್, ಕೂದಲು ಕಪ್ಪಗಿದ್ದಾಗಿನಿಂದ ಹಾಗೇ, ಅವನ ಮನೆತನದ ಹೆಸರು ನನಗೆ ತಿಳಿಯದು, ಎಲ್ಲೋ ಉತ್ತರಕ್ಕೆ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಅವನ ಹರ್ನಿಯಾ ಗೊತ್ತು, ಅವನನ್ನು ಬಿಟ್ಟುಹೋದ ಹೆಂಡತಿ ಗೊತ್ತು, ಅವನ ಫೋನ್ ನಂಬರು ಗೊತ್ತಿಲ್ಲ, ಇಲ್ಲಿ ಎಲ್ಲರ ಕಥೆಯೂ ಇದೇ, ನವೆಂಬರಿನಲ್ಲಿ ಕಡೆಯ ಆಟ ಮುಗಿದ ಮೇಲೆ ಬೆನ್ನು ತಟ್ಟಿ ಎದ್ದರೆ ಸೆಪ್ಟೆಂಬರಿನವರೆಗೆ ಬದುಕಿದ್ದಾರೋ ಇಲ್ಲವೋ ಕೇಳುವ ಪದ್ಧತಿಯಿಲ್ಲ, ಸೀಟಿನ ಸ್ನೇಹ ಸೀಟಿನಲ್ಲೇ. ವರ್ಲಿನ್ ಹೋದದ್ದು ಅವನಿಗೆ ಗೊತ್ತಿಲ್ಲ. ನಾನು ಹೇಳಬೇಕು. ರೈಲು ನಿಧಾನವಾಯಿತು, ಕ್ರೀಡಾಂಗಣದ ಗೋಡೆ ಕಿಟಕಿ ತುಂಬ ಬಂದು ನಿಂತಿತು, ಬಾಗಿಲಿಂದ ಬಾಗಿಲಿಗೆ ಅಂದಿದ್ದರು, ನಿಜವೇ, ಇಳಿದರೆ ಎದುರಿಗೇ ಗೇಟು. ಮಾರ್ಲಿಸ್ ಎದ್ದು ತಣ್ಣಗಾದ ಸಾಸೇಜನ್ನು ನೋಡಿದಳು, ಖಾಲಿ ಸೀಟನ್ನು ನೋಡಿದಳು, ಆಮೇಲೆ ನನ್ನನ್ನು, ಬಹಳ ಹೊತ್ತು, ಅವಳಿಗೆ ಗೊತ್ತಾಯಿತು, ಅವಳೂ ಒಬ್ಬಳೇ ಬಂದವಳು ಅಂತ ಆಗ ನನಗೂ ಗೊತ್ತಾಯಿತು, ಬನ್ನಿ ಅಂತ ಒಂದು ಕ್ಷಣ ನನ್ನ ಮೊಣಕೈ ಹಿಡಿದು ಇಳಿಸಿದಳು, ಜನದಲ್ಲಿ ಹೋಗಿಬಿಟ್ಟಳು. ಸಾಸೇಜು ನನ್ನ ಚೀಲದಲ್ಲಿದೆ.

ಮೆಟ್ಟಿಲು, ವಾದ್ಯದವರ ಡೋಲು ಎದೆಗೆ ಬಡಿಯುತ್ತಿದೆ, ಹುಲ್ಲು ಅಷ್ಟು ಹಸಿರು, ಕಣ್ಣು ಕುಕ್ಕುವ ಹಾಗೆ, ಪ್ರತಿ ವರ್ಷ ಈ ಮೆಟ್ಟಿಲ ಬಾಯಿಗೆ ಬಂದು ಹುಲ್ಲು ಕಂಡಾಗ ವರ್ಲಿನ್ ನಿಂತುಬಿಡುತ್ತಿದ್ದ, ಹಿಂದಿನವರು ಬೈದರೂ ಸರಿ, ನಾನೂ ನಿಂತೆ, ಹುಲ್ಲು, ಸರಿ, ಹುಲ್ಲು. ಆರ್ವಿಡ್ ಆಗಲೇ ಕೂತಿದ್ದ, ನನ್ನನ್ನು ಕಂಡು ಎರಡೂ ತೋಳು ಎತ್ತಿದ, ಬಾರಮ್ಮಾ ಗೆರ್ಡಾ, ಇನ್ನೂ ಬದುಕಿದೀಯಾ, ಎಲ್ಲಿ ಆ ಗೂಳಿ, ರೈಲಲ್ಲೇ ಬಿಟ್ಬಿಟ್ಯಾ — ಬಿಯರ್ ತರೋಕೆ ಹೋಗಿದಾರೆ ಎಂಬ ಮಾತು ನಾಲಿಗೆಯ ಮೇಲೇ ಇತ್ತು, ಎಷ್ಟು ಸುಲಭವಾಗಿ ಇತ್ತು, ಅದನ್ನು ನುಂಗಿದೆ, ಹೋಗ್ಬಿಟ್ಟ ಆರ್ವಿಡ್, ಜೂನಲ್ಲಿ, ಗ್ಯಾರೇಜಲ್ಲಿ, ಹೃದಯ, ಅಂದೆ, ಯಾರದೋ ಸುದ್ದಿಯ ಹಾಗೆ. ಅವನು ಟೋಪಿ ತೆಗೆದ. ಅಯ್ಯೋ, ಅಂದ. ಟೋಪಿಯನ್ನು ಮಂಡಿಯ ಮೇಲಿಟ್ಟು ಅದನ್ನೇ ನೋಡಿದ, ಯಾರೂ ಹೇಳ್ಲಿಲ್ವಲ್ಲಮ್ಮಾ ನಂಗೆ, ನವೆಂಬರಲ್ಲಿ ನನ್ನ ಹತ್ರ ಸ್ಪ್ಯಾನರ್ ಸೆಟ್ ಬಗ್ಗೆ ಜಗಳ ಆಡಿದ್ನಲ್ಲ, ಅಂದ. ಹೌದು ಅಂದೆ. ಅವನ ಗದ್ದ ನಡುಗಿತು, ನನ್ನದು ನಡುಗಲಿಲ್ಲ, ಪರದೆಯ ಮೇಲೆ ಬೆಂಕಿ ಹಾರಿತು, ನಮ್ಮ ತಂಡದ ಹುಡುಗರು ಹೊಗೆಯೊಳಗಿಂದ ಓಡಿಬಂದರು, ಎಂಬತ್ತು ಸಾವಿರ ಜನ ಎದ್ದರು, ನಾವಿಬ್ಬರೂ ಎದ್ದೆವು, ನಡುವೆ ಬೆಂಚಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಆರು. ಚೀಲದಿಂದ ಸಾಸೇಜು ತೆಗೆದು ಆರ್ವಿಡ್‌ಗೆ ಕೊಟ್ಟೆ, ಅವನು ತಿಂದ, ತಣ್ಣಗಿದ್ದುದನ್ನೇ, ಪೂರ್ತಿ.

ಟೇಟ್ ಬಂದದ್ದು ಆಟದ ಎರಡನೇ ಕಾಲುಭಾಗದಲ್ಲಿ, ಕೊರಳಿಗೆ ಗುರುತಿನ ಪಟ್ಟಿ, ಸಾಲಿನೊಳಗೆ ನುಸುಳಿ ನನ್ನ ಮುಂದೆ ಮಂಡಿಯೂರಿ ಕೂತ, ಮೇಡಂ, ತೊಂದ್ರೆ ಕೊಡ್ತಿದೀನಿ, ಇವತ್ತೊಂದು ಮಾತು ಹೇಳ್ಬಿಟ್ರೆ — ಒಳ್ಳೆಯ ಹುಡುಗ, ಬೆವರುತ್ತಿದ್ದಾನೆ, ಒಂದಾ ಎರಡಾ, ಅಂದ. ಒಂದು ಅನ್ನಲು ಉಸಿರು ಎಳೆದುಕೊಂಡೆ, ಒಂದು, ಎಷ್ಟು ಸಣ್ಣ ಪದ, ಆಗಲೇ ಕೆಳಗೆ ನಮ್ಮ ಹುಡುಗನೊಬ್ಬ ಚೆಂಡನ್ನು ಎದೆಗವುಚಿಕೊಂಡು ಗುಂಪಿನಿಂದ ಕಳಚಿಕೊಂಡ, ಓಡು ಓಡು ಓಡೋ ನನ್ನಪ್ಪಾ ಅಂತ ಆರ್ವಿಡ್, ಬಿಳಿ ಗೆರೆಗಳು ಆ ಹುಡುಗನ ಕಾಲಡಿ ಹಾದುಹೋಗುತ್ತಿವೆ, ಯಾರೂ ಮುಟ್ಟಲಾರರು, ಕಡೆಯ ಗೆರೆ, ಟಚ್‌ಡೌನ್, ಅಂಕ ಬಂದಾಗ ಹಾರಿಸುವ ಫಿರಂಗಿ ಸಿಡಿಯಿತು, ಇಡೀ ಸಾಲು ಎದ್ದಿತು, ಆರ್ವಿಡ್ ಎದ್ದ, ಕಣ್ಣು ಮೈದಾನದ ಮೇಲೇ ಇದೆ, ನೋಡದೆಯೇ, ಪ್ರತಿ ಸಲ ಹೇಗೋ ಹಾಗೇ, ಎಡಗೈ ಪಕ್ಕಕ್ಕೆ ಎತ್ತಿದ, ವರ್ಲಿನ್ ತನ್ನ ಕೈ ತಂದು ಫಟ್ ಅಂತ ಬಡಿಯುವಷ್ಟೇ ಎತ್ತರಕ್ಕೆ, ಆರನೇ ಸೀಟಿನ ಮೇಲೆ, ಬಿಚ್ಚಿದ ಅಂಗೈ, ಗೆರೆಗಳಲ್ಲಿ ತೊಳೆದರೂ ಹೋಗದ ಕರಿ ಎಣ್ಣೆ. ಬಡಿಯುವ ಸದ್ದು ಬರಲಿಲ್ಲ. ಅಂಗೈ ಕಾಯಿತು. ಆಮೇಲೆ ಅವನಿಗೆ ನೆನಪಾಯಿತು, ಮುಖ ಇತ್ತ ತಿರುಗಿತು, ಬಾಯಿ ಅರ್ಧ ತೆರೆದಿದೆ, ಆದರೆ ಕೈ ಇಳಿಯಲಿಲ್ಲ, ಅದನ್ನು ಹೇಗೆ ಇಳಿಸುವುದೆಂದು ಅವನಿಗೆ ಗೊತ್ತಾಗುತ್ತಿಲ್ಲ, ನನಗೂ ಗೊತ್ತಾಗುತ್ತಿಲ್ಲ, ಸುತ್ತ ಎಲ್ಲ ಅಂಗೈಗಳೂ ಒಂದಕ್ಕೊಂದು ಬಡಿದುಕೊಳ್ಳುತ್ತಿವೆ, ಮೇಡಂ, ಅಂತ ಟೇಟ್, ಎರಡು, ಅಂದದ್ದು ನಾನೇ, ಎರಡು, ಎರಡೂ ಬೇಕು, ಕಿರುಚಿದೆನೇನೋ, ಹುಡುಗ ಹಿಂದೆ ಸರಿದ, ಎದೆಯೊಳಗೆ ಏನೋ ಕಿತ್ತುಬರುತ್ತಿದೆ, ನೋಯುತ್ತಿದೆ, ವರ್ಲಿನ್, ನೋಯುತ್ತಿದೆ ಕಣೋ, ಈಗ, ಇಷ್ಟು ಜನರ ನಡುವೆ, ಡೋಲಿಲ್ಲ ಹಾಡಿಲ್ಲ ಏನೂ ಕೇಳುತ್ತಿಲ್ಲ, ಆ ಅಂಗೈ, ಬೆರಳು ಬಿಡಿಸಿಕೊಂಡ ಅಂಗೈ, ಇನ್ನೂ ಮೇಲೇ ಇದೆ, ಅಂಗೈ, ಆರರ ಮೇಲೆ, ಅಂಗೈ —