ಹಳೆ ಎಂಬ ಫೈಲು

ಕರೆಗಂಟೆ ಇದ್ದೂ ಯಾರೋ ಬಾಗಿಲನ್ನೇ ಬಡಿದರು.

ಸುಧನ್ವ ಎದ್ದು ಚಿಲಕ ತೆಗೆದ. ಹೊಸ್ತಿಲಾಚೆ ನಿಂತಿದ್ದ ವೃದ್ಧ ನಮಸ್ಕಾರ ಹೇಳಲಿಲ್ಲ, ಹೆಸರು ಹೇಳಲಿಲ್ಲ. ನೇರ ಒಳಗೆ ಬಂದು ಊಟದ ಮೇಜಿನ ಮೇಲೆ ಗುಜರಾತಿ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನಿಟ್ಟು ಬಿಚ್ಚಿದ. ಒಳಗಿದ್ದುದು ಮೋಟಾರ್‌ಸೈಕಲ್ಲಿನ ಪಿಸ್ಟನ್. ಅದರ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು; ತೂತಿನ ಅಂಚು ಕಾಯಿಸಿದ ಬೆಲ್ಲದಂತೆ ಕರಗಿ ಇಳಿದು ಹೆಪ್ಪುಗಟ್ಟಿತ್ತು.

“ಕೈಯಾಗ ಹಿಡಿದು ನೋಡ್ರಿ,” ಎಂದ ವೃದ್ಧ. ಸೂರತ್ತಿನ ಅಡಾಜಣ್ ಬಡಾವಣೆಯಲ್ಲಿ, ಅದೂ ರಾತ್ರಿಯ ಹೊತ್ತಿನಲ್ಲಿ, ಬಾಗಲಕೋಟೆಯ ಕನ್ನಡ!

“ಪಪ್ಪಾ, ಕೋಣ್ ಛೇ?” ಯಾರದು ಎಂದು ಗುಜರಾತಿಯಲ್ಲಿ ಕೇಳುತ್ತ ಒಳಗಿನಿಂದ ಬಂದ ಮಗಳು ಅಮೂಲ್ಯಾ ಅತಿಥಿಗೆ ನೀರಿಟ್ಟು ಮರಳಿದಳು. ಹೆಂಡತಿ ಸರಸ್ವತಿಯನ್ನು ಬ್ಯಾಂಕಿನವರು ಅಹಮದಾಬಾದಿನ ನವರಂಗಪುರ ಶಾಖೆಗೆ ವರ್ಗ ಮಾಡಿದ ಮೇಲೆ ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ.

“ನಾ ಬಾಲಚಂದ್ರ. ವಡೋದರಾದ ಕೊಯಾಲಿ ರಿಫೈನರಿಯಾಗಿಂದ ರಿಟೈರ್ ಆದಂವ. ಕಿಶೋರ್ ನನ್ನ ಮಗ, ನಿಮ್ಮ ಗಿರಾಕಿ. ಅಹಮದಾಬಾದಿಂದ ಮನಿಗೆ ಬರೂಮುಂದ ನಡಿಯಾದ್ ದಾಟಿದ ಮ್ಯಾಲೆ ಎಂಜಿನ್ ಹಿಡಕೊಂಡು ಹಿಂದಿನ ಗಾಲಿ ಗಕ್ಕನ ನಿಂತತು. ಹಿಂದ ಟ್ರಕ್ ಇತ್ತು.” ವೃದ್ಧ ತನ್ನ ಮೊಣಕಾಲು ಮುಟ್ಟಿ ತೋರಿಸಿದ. “ಬಲಗಾಲು ಮೊಣಕಾಲ ಕೆಳಗ ತಗದಾರ.”

ಸುಧನ್ವನ ಕೈಯಲ್ಲಿದ್ದ ಪಿಸ್ಟನ್ ಇದ್ದಕ್ಕಿದ್ದಂತೆ ಭಾರವಾಯಿತು; ಅದನ್ನು ಮೇಜಿನ ಮೇಲಿಟ್ಟ.

“ಪೆಟ್ರೋಲ್ ಕಡಿಮಿ ಮಾಡಿ ಎಂಜಿನ್ ಸುಟ್ಟಾರ ಅಂತಾನ ಅಲ್ಲಿ ಗ್ಯಾರೇಜಿನ ಮೇಸ್ತ್ರಿ. ಯಾರ ಕಡಿಂದ ಮಾಡಿಸಿದಿ ಅಂದ್ರ ಮಗ ಗ್ವಾಡಿ ಕಡೆ ಮುಖ ತಿರಗಸ್ತಾನ. ಗಾಡಿಯಾಗ ನಿಮ್ಮ ಅಂಗಡಿ ಬಿಲ್ ಸಿಕ್ತು.” ಬಾಲಚಂದ್ರ ಜೇಬಿನಿಂದ ಪುಟ್ಟ ಕಪ್ಪು ಪೆಟ್ಟಿಗೆಯೊಂದನ್ನು ತೆಗೆದು ಪಿಸ್ಟನ್ನಿನ ಪಕ್ಕದಲ್ಲಿಟ್ಟ. “ನನಗ ರೊಕ್ಕ ಬ್ಯಾಡ. ಪೊಲೀಸರಿಗೆ ಹೇಳಾಕ ಒಂದು ಹೆಸರು ಬೇಕು. ನಾಳೆ ಸಂಜಿಗೆ ವಡೋದರಾದ ಆಸ್ಪತ್ರಿಗೆ ಬಂದು ಹೇಳ್ರಿ. ಹೇಳದಿದ್ರ ನಿಮ್ಮ ಹೆಸರ ಬರಸ್ತೀನಿ.”

ಬಂದಂತೆಯೇ ಹೊರಟುಹೋದ.

ಇಂಜೆಕ್ಷನ್ ಎಂಜಿನ್ನಿಗೆ ಗಾಳಿಯೊಡನೆ ಪೆಟ್ರೋಲ್ ಎಷ್ಟು ಬೆರೆಸಬೇಕೆಂದು ಆಜ್ಞೆ ಕೊಡುವುದು ಅಂಥ ಕಪ್ಪು ಪೆಟ್ಟಿಗೆ. ಅದರೊಳಗಿನ ಲೆಕ್ಕವನ್ನು ಲ್ಯಾಪ್‌ಟಾಪಿನಿಂದ ತಿದ್ದುವುದು ಸುಧನ್ವನ ಕಸುಬು. ಸೂರತ್, ವಡೋದರಾ, ಅಹಮದಾಬಾದ್ ಮೂರೂ ನಗರಗಳಿಂದ ಅವನಲ್ಲಿಗೆ ಗಾಡಿಗಳು ಬರುತ್ತಿದ್ದವು. ಬಂದವರು ವೇಗದ ಮಾತೆತ್ತುವ ಮೊದಲು ಕೇಳುತ್ತಿದ್ದುದು ಒಂದೇ: “ಆವರೇಜ್ ಕೇಟಲೀ?” ಲೀಟರಿಗೆ ಎಷ್ಟು ಕೊಡುತ್ತದೆ? ಪೆಟ್ರೋಲ್ ಕಡಿತಗೊಳಿಸಿದರೆ ಆವರೇಜ್ ಏರುತ್ತದೆ, ನಿಜ. ಮಿತಿಮೀರಿ ಕಡಿದರೆ ಒಳಗಿನ ಕಾವೂ ಏರುತ್ತದೆ. ಹೆದ್ದಾರಿಯ ಓಟದಲ್ಲಿ ಪಿಸ್ಟನ್ ಕರಗುತ್ತದೆ.

ಕಿಶೋರನ ಗಾಡಿಯನ್ನು ದೀಪಾವಳಿಯ ಹೊತ್ತಿಗೆ ಅವನು ತಾನೇ ಕೈಯಾರೆ ಹದ ಮಾಡಿದ್ದ. ತಪ್ಪಿಲ್ಲವೆಂಬ ಧೈರ್ಯದಿಂದಲೇ ಬೆಳಿಗ್ಗೆ ಅಂಗಡಿಯಲ್ಲಿ ಪೆಟ್ಟಿಗೆಗೆ ತಂತಿ ಜೋಡಿಸಿದ. ತೆರೆಯ ಮೇಲೆ ಅಂಕಿಗಳು ಮೂಡಿದವು. ಧೈರ್ಯ ಕುಸಿಯಿತು.

ಒಳಗಿದ್ದುದು ಅವನು ಹಾಕಿದ ‘ಹೊಸ’ ಅಲ್ಲ. ‘ಹಳೆ’.

ಎರಡೂ ಅವನೇ ಕಟ್ಟಿದ ಫೈಲುಗಳು. ‘ಹೊಸ’ ಪಳಗಿದ್ದು. ‘ಹಳೆ’ ಅವನ ಮೊದಲ ದುಸ್ಸಾಹಸ. ಆವರೇಜಿನ ಆಸೆಗೆ ಕಟ್ಟಿ, ಅಂಗಡಿಯಲ್ಲೇ ಒಂದು ಎಂಜಿನ್ನನ್ನು ಬೂದಿಯಾಗಿಸಿದ್ದು. ಎದುರು ಸಾಲಿನ ಪೈಪೋಟಿಯವರಿಗೆ ಗುಟ್ಟು ತಿಳಿಯಬಾರದೆಂದು ಹೆಸರುಗಳನ್ನು ಕನ್ನಡದಲ್ಲಿಟ್ಟಿದ್ದ. ಆ ಸಾಫ್ಟ್‌ವೇರ್ ಇಂಗ್ಲಿಷ್ ಲಿಪಿಯನ್ನಷ್ಟೇ ಒಪ್ಪುತ್ತಿದ್ದುದರಿಂದ ಎಚ್, ಎ, ಎಲ್, ಇ ಎಂದು ಬರೆದಿದ್ದ. ಹಳೆಯದು ಎಂದ ಮೇಲೆ ಮುಟ್ಟಬಾರದೆಂದು ಬೇರೆ ಹೇಳಬೇಕೆ?

ಅವನು ಅಕ್ಷರಗಳನ್ನೇ ದಿಟ್ಟಿಸಿದ. ಸಂಶಯವೊಂದು ಹೆಡೆಯೆತ್ತಿತು.

“ಮನಸುಖ್, ಬಾ ಇಲ್ಲಿ. ಇದನ್ನು ಓದು,” ಎಂದು ಗುಜರಾತಿಯಲ್ಲಿ ಕರೆದ.

ಅಮರೇಲಿಯಿಂದ ಬಂದು ವರ್ಷಗಳಿಂದ ಅವನ ಬಳಿ ಸ್ಪ್ಯಾನರ್ ಹಿಡಿದಿದ್ದ ಮನಸುಖ್ ಕೈ ಒರೆಸಿಕೊಂಡು ಬಗ್ಗಿದ. “ಹಾಲೇ.”

“ಹಾಗೆಂದರೆ?”

“ಇದೇನು ಕೇಳ್ತೀರಿ ಶೇಠ್! ‘ಚಾಲೇ’ ಅನ್ನೋದೇ ನಮ್ಮ ಬಾಯಲ್ಲಿ ‘ಹಾಲೇ’. ಓಡುತ್ತೆ, ನಡೆಯುತ್ತೆ. ನಾವು ಅಮರೇಲಿ ಕಡೆಯ ಕಾಠಿಯಾವಾಡಿಗಳು ‘ಚ’ ಅಕ್ಷರವನ್ನು ಚಾಯ್‌ಗೆ ಮಾತ್ರ ಉಳಿಸಿಕೊಂಡವರು,” ಎಂದು ನಕ್ಕ.

ಸುಧನ್ವ ನಗಲಿಲ್ಲ. “ಕಿಶೋರನ ಗಾಡಿಗೆ ಇದನ್ನು ತುಂಬಿದವನು ನೀನು.”

“ನಾನೇ? ನಾನು ಲ್ಯಾಪ್‌ಟಾಪ್ ಮುಟ್ಟೋದು ಧೂಳು ಒರೆಸೋಕೆ!”

“ಇದು ನನ್ನ ಭಾಷೆಯಲ್ಲಿ ‘ಹಳೆ’. ನನ್ನ ಭಾಷೆ ಬಲ್ಲವರು ಯಾರೂ ಇದನ್ನು ಗಾಡಿಗೆ ಹಾಕುವುದಿಲ್ಲ. ‘ಹಾಲೇ’ ಎಂದು ಓದುವವನು ಇಲ್ಲಿ ನೀನೊಬ್ಬನೇ. ಒಬ್ಬ ಹುಡುಗನ ಕಾಲು ಹೋಯಿತು, ಗೊತ್ತೇ?”

ಮನಸುಖನ ಮುಖ ಮೊದಲು ಬಿಳಿಚಿತು, ಆಮೇಲೆ ಗಡುಸಾಯಿತು. ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿದ. “ಬೀಗ ಹಾಕೋದು ನಿಮ್ಮ ಭಾಷೆಯಲ್ಲಿ, ಕಳ್ಳನನ್ನು ಹಿಡಿಯೋದು ನನ್ನ ಭಾಷೆಯಲ್ಲಿ. ವಾಹ್ ಶೇಠ್, ವಾಹ್!”

ಅವನು ಹಿಂದಿರುಗಿ ನೋಡದೆ ಹೊರಟ. ಸುಧನ್ವ ತಡೆಯಲಿಲ್ಲ. ಹೆಸರು ಸಿಕ್ಕಿತ್ತು.

ಆ ಸಂಜೆ ವಡೋದರಾದ ಆಸ್ಪತ್ರೆಯಲ್ಲಿ ಕಿಶೋರ್ ಕಣ್ಣು ಮುಚ್ಚಿ ಮಲಗಿದ್ದ. ಹೊದಿಕೆ ಬಲಗಡೆ ಮೊಣಕಾಲಿನಿಂದಾಚೆಗೆ ಚಪ್ಪಟೆಯಾಗಿತ್ತು. ಸುಧನ್ವ ಬೇಗನೆ ದೃಷ್ಟಿ ತಿರುಗಿಸಿದ.

“ಹೆಸರು?” ಎಂದ ಬಾಲಚಂದ್ರ.

“ಮನಸುಖ್. ನನ್ನ ಕೆಲಸಗಾರ.” ಒಂದು ಶಬ್ದ ಎರಡು ಭಾಷೆಗಳಲ್ಲಿ ಹೇಗೆ ಎರಡು ದಾರಿ ಹಿಡಿಯಿತೆಂಬುದನ್ನು ಸುಧನ್ವ ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಅವನ ಎದೆ ಹಗುರಾಗುತ್ತಿತ್ತು.

“ಅಲ್ಲ.” ಹಾಸಿಗೆಯಿಂದ ಕ್ಷೀಣವಾದ ದನಿ ಬಂತು. ಕಿಶೋರ್ ಕಣ್ಣು ತೆರೆದಿದ್ದ. “ಮನಸುಖಭಾಯ್ ಅಲ್ಲ ಅಂಕಲ್. ಅದನ್ನ ಹಾಕಿದ್ದು ಉತ್ತರಾಯಣದ ದಿನ, ಸಂಕ್ರಾಂತಿಗೆ. ಅವರು ಅಮರೇಲಿಗೆ ಹೋಗಿದ್ರು. ನೀವೂ ಅಹಮದಾಬಾದಿಗೆ ಆಂಟಿ ಹಂತೇಕ ಹೋಗಿದ್ರಿ. ಶಾಪ್ ಬಂದ್ ಇತ್ತು.”

“ಬಂದ್ ಇದ್ದ ಅಂಗಡಿಯ ಬಾಗಿಲು ತೆಗೆದವರು ಯಾರು?” ಎಂದ ಸುಧನ್ವ.

ಹುಡುಗ ಹೆಸರು ಬಿಟ್ಟು ಹೇಳಿದ: “ತಪ್ಪು ನಂದ. ಆವರೇಜ್ ಸಾಲವಲ್ದು ಅಂತ ನಾನ ತಲಿ ತಿಂದೆ. ನಾ ಹೊರಗ ಗಾಡಿ ಹತ್ರ ಇದ್ದೆ. ಒಳಗಿಂದ ಗುಜರಾತಿಯಾಗ ಒದರಿದ್ದು ಕೇಳಿಸ್ತು: ‘ಇಲ್ಲಿ ಹಾಲೇ ಅಂತಾನೇ ಬರ್ದಿದೆ, ಇದನ್ನೇ ಹಾಕ್ತೀನಿ!’ ಸ್ಕ್ರೀನ್ ನಾ ನೋಡಿದ್ರ ‘ಹಳೆ’ ಅಂತ ನನಗ ತಿಳೀತಿತ್ತು ಅಂಕಲ್. ಅಪ್ಪ ನನಗ ಕನ್ನಡ ಕಲಿಸ್ಯಾರ.”

ಕೊನೆಯ ಮಾತು ಸುಧನ್ವನ ಕಿವಿಯಲ್ಲಿ ಕಾದ ಸೀಸದಂತೆ ಇಳಿಯಿತು. ಅಂಗಡಿಯ ಎರಡನೆಯ ಬೀಗದಕೈ ಅವನ ಮನೆಯಲ್ಲಿ ಇರುತ್ತಿತ್ತು; ಉತ್ತರಾಯಣದಂದು ಮಗಳು ಮನೆಯಲ್ಲೇ ಉಳಿದಿದ್ದಳು. ಆ ಮನೆಯಲ್ಲಿ ಕನ್ನಡ ಆಡಿದರೆ ಮಗುವಿನ ಇಂಗ್ಲಿಷ್ ಕೆಡುತ್ತದೆಂದು ವಾದಿಸಿದವನು ಅವನೇ. ಶಾಲೆ ಬಿಟ್ಟ ಮೇಲೆ ಆ ಮಗು ಅಂಗಡಿಯ ಮೂಲೆಯಲ್ಲಿ ಕುಳಿತು ಹೋಂವರ್ಕ್ ಬರೆಯುತ್ತ, ಅಪ್ಪ ಫೈಲು ತುಂಬುವುದನ್ನು ನೋಡುತ್ತ, ಮನಸುಖನ ಬಾಯಿಂದ ಸಂಜೆಯಿಡೀ “ಹಾಲೇ, ಹಾಲೇ” ಕೇಳುತ್ತ ಬೆಳೆದಿತ್ತು. ಪೈಪೋಟಿಯವರ ವಿರುದ್ಧ ಅವನು ಕಟ್ಟಿದ ಬೇಲಿಯಲ್ಲಿ ಸಿಕ್ಕಿಬಿದ್ದದ್ದು ಯಾರೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ.

“ಔಷಧದ ಮತ್ತಿನಾಗ ಏನೇನರೆ ಅಂತಾನ ಹುಡುಗ,” ಎಂದ ಬಾಲಚಂದ್ರ. ಅವನ ಕಣ್ಣು ಸುಧನ್ವನ ಮುಖ ಬಿಟ್ಟು ಕದಲಲಿಲ್ಲ. “ನಿಮ್ಮ ಅಂಗಡಿ, ನಿಮಗ ಗೊತ್ತು. ಮನಸುಖ್ ಅಂತನ ಬರಸ್ಲಿ?”

ಬರೀ ತಲೆಯಾಡಿಸಿದರೆ ಸಾಕಿತ್ತು. ಅಮರೇಲಿಯ ಬಡವನ ಪರವಾಗಿ ವಾದಿಸಲು ಅಲ್ಲಿ ಯಾರೂ ಇರಲಿಲ್ಲ. ಹಾಸಿಗೆಯಲ್ಲಿದ್ದ ಹುಡುಗನಂತೂ ಮತ್ತೆ ಗೋಡೆಯ ಕಡೆ ಮುಖ ತಿರುಗಿಸಿದ್ದ. ಅವನ ಬಾಯಿಂದ ಬಾಗಿಲು ತೆಗೆದವಳ ಹೆಸರು ಎಂದಿಗೂ ಹೊರಡುವಂತಿರಲಿಲ್ಲ. ಬೆಳಿಗ್ಗೆ ಇನ್ನೊಬ್ಬನ ಹೆಸರನ್ನು ಎಷ್ಟು ಸಲೀಸಾಗಿ ಹಿಡಿದುಕೊಂಡಿದ್ದೆನೆಂದು ನೆನೆದಾಗ ಸುಧನ್ವನಿಗೆ ತನ್ನ ಮೇಲೆ ತನಗೇ ಹೇಸಿಗೆಯೆನಿಸಿತು.

“ಬ್ಯಾರೆ ಯಾರರೆ ಇದ್ರ ಈಗ ಹೇಳ್ರಿ,” ಎಂದ ಬಾಲಚಂದ್ರ.

“ಅಮೂಲ್ಯಾ,” ಎಂದ ಸುಧನ್ವ, “ನನ್ನ ಮಗಳು.”