ಅಧ್ಯಕ್ಷರ ಲಿವರ್

ಪಾನನಿರೋಧ ಸಂಘದ ಅಧ್ಯಕ್ಷರ ಕಣ್ಣು ಹಳದಿಯಾದ ಸುದ್ದಿ ಅವರ ಜ್ವರಕ್ಕಿಂತ ಬೇಗ ಏರಿತು. ಜನ್ಮದಲ್ಲಿ ಒಂದು ಹನಿ ಮುಟ್ಟದವರು. ಆದರೆ ಕುಡಿದರೆ ಲಿವರ್ ಹೋಗುತ್ತದೆ ಎಂದು ಊರಿಗೆಲ್ಲ ಕಲಿಸಿದವರೂ ಅವರೇ. ಊರು ಪಾಠವನ್ನು ಚೆನ್ನಾಗಿಯೇ ಕಲಿತಿತ್ತು.

ಆಸ್ಪತ್ರೆಯ ವಾರ್ಡಿಗೆ ಬಂದ ಸಂಘದ ಕಾರ್ಯದರ್ಶಿ, ರೋಗಿಯ ಬಾಯಿಯ ಹತ್ತಿರ ಮೂಗು ತಂದು ಕುಶಲ ವಿಚಾರಿಸಿದ. 'ಇದು ಕುಡಿತದ್ದಲ್ಲ ಅಂತ ಡಾಕ್ಟ್ರ ಬಾಯಲ್ಲಿ ಹೇಳಿಸಿ ಸಾರ್. ಇಲ್ಲದಿದ್ರೆ ನಿಮ್ಮ ಕುರ್ಚಿ ಕಷ್ಟ.'

ಡಾಕ್ಟರಮ್ಮನಿಗೆ ಬೇರೆಯೇ ಚಿಂತೆ. ಜ್ವರ ಇಳಿಯುತ್ತಿಲ್ಲ, ಕಾಮಾಲೆ ಏರುತ್ತಿದೆ, ಪರೀಕ್ಷೆಯಲ್ಲಿ ಹೆಪಟೈಟಿಸ್ ವೈರಸ್ ಸಿಕ್ಕಿಲ್ಲ. ಮೈ ಪೂರ್ತಿ ನೋಡಬೇಕೆಂದು ಅವರು ಮೊದಲೇ ಕೇಳಿದ್ದರು. 'ಕಾಯಿಲೆ ಕಣ್ಣಲ್ಲಿದೆ ತಾಯಿ, ಪ್ಯಾಂಟಲ್ಲಿಲ್ಲ' ಎಂದು ಅಧ್ಯಕ್ಷರು ಹೊದಿಕೆ ಬಿಗಿಹಿಡಿದಿದ್ದರು. ಈಗ ಏದುಸಿರೂ ಶುರುವಾದಾಗ ಹೆಂಡತಿಯೇ ಹೊದಿಕೆ ಕಿತ್ತಳು.

'ಮಾನ ಉಳಿಸ್ಕೊಂಡು ಸಾಯ್ಬೇಡಿ.'

ಬೆಲ್ಟ್ ಕಟ್ಟುವ ಜಾಗದ ಕೆಳಗೆ, ಸಿಗರೇಟಿನಿಂದ ಸುಟ್ಟಂಥ ಒಂದು ಕರಿ ಹಕ್ಕಳೆ.

'ಸ್ಕ್ರಬ್ ಟೈಫಸ್ ಇರಬೇಕು' ಎಂದರು ಡಾಕ್ಟರಮ್ಮ. 'ಪೊದೆಯಲ್ಲಿರೋ ಸಣ್ಣ ನುಸಿ ಕಚ್ಚಿದ್ರೆ ಬರೋ ಬ್ಯಾಕ್ಟೀರಿಯಾ. ಲಿವರ್‌ಗೆ ಇಷ್ಟು ಜೋರಾಗಿ ಹೊಡೆಯೋದು ಅಪರೂಪ. ಪೊದೆಯಲ್ಲೆಲ್ಲಾದ್ರೂ ಕೂತಿದ್ರಾ?'

'ಇಲ್ಲ.'

'ಹಾಗಾದ್ರೆ ಕುಡಿತವೇ ಅಂದ್ಕೊಳ್ಳಲಾ?'

ಅಧ್ಯಕ್ಷರು ಬಾಗಿಲಲ್ಲಿದ್ದ ಕಾರ್ಯದರ್ಶಿಯನ್ನು ನೋಡಿದರು. ಹೆಂಡತಿಯ ತಮ್ಮ ಗೋಡೆಗೊರಗಿ ನಿಂತಿದ್ದ; ಅವನನ್ನೂ ನೋಡಿದರು.

'ಕೂತಿದ್ದೆ. ಬಾರಿನ ಹಿಂದೆ.'

'ಅಲ್ಲೇನ್ರೀ ನಿಮಗೆ ಕೆಲಸ?' ಎಂದಳು ಹೆಂಡತಿ.

'ಯಾರ್ಯಾರು ಒಳಗೆ ಹೋಗ್ತಾರೆ ಅಂತ ನೋಡೋಕೆ. ದಿನಾ ಸಂಜೆ. ನಿನ್ನ ತಮ್ಮನೂ ಹೋಗ್ತಾನೆ, ಕೇಳು ಬೇಕಾದ್ರೆ.'

ಭಾವಮೈದುನ ತಲೆ ತಗ್ಗಿಸಲಿಲ್ಲ. 'ನೋಡಿ ಭಾವ, ಒಳಗೆ ಕೂತ ನಾನು ಗುಂಡುಕಲ್ಲಿನ ಹಾಗಿದ್ದೀನಿ. ಹೊರಗೆ ಕೂತ ನಿಮ್ಮ ಲಿವರ್ ಹೋಯ್ತು!'

'ನೀನು ಮನೆಗೆ ಬಾ, ನಿನಗಿದೆ' ಎಂದಳು ಅಕ್ಕ. ಆಮೇಲೆ ಗಂಡನ ಕಡೆ ತಿರುಗಿ, 'ನಿಮಗೂ ಇದೆ. ಮೊದಲು ವಾಸಿಯಾಗಿ.'

ಡಾಕ್ಟರಮ್ಮ ಆಗಲೇ ಔಷಧ ಶುರು ಮಾಡಿಸಿದ್ದರು. ಎರಡು ದಿನದಲ್ಲಿ ಜ್ವರ ಬಿಟ್ಟಿತು, ಕಣ್ಣು ನಿಧಾನಕ್ಕೆ ಬೆಳ್ಳಗಾಯಿತು. ಅದು ಕುಡಿತದ್ದಲ್ಲವೆಂದು ಕಾರ್ಯದರ್ಶಿಯೇ ಊರೆಲ್ಲ ಸಾರಿದ. ಮತ್ತೆ ಹೇಗೆ ಬಂತೆಂಬುದನ್ನೂ ಬಿಡದೆ ಸಾರಿದ. ಕುರ್ಚಿ ಉಳಿಯಿತು.

ಚೇತರಿಸಿಕೊಂಡ ಅಧ್ಯಕ್ಷರು ಮೊದಲ ಸಭೆಯಲ್ಲಿ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು. 'ಬಂಧುಗಳೇ, ಬಾರಿಗೆ ಹೋದರೆ ಲಿವರ್ ಹಾಳಾಗುತ್ತದೆ.'

ಹಿಂದಿನ ಸಾಲಿನಿಂದ ಒಂದು ದನಿ ವಿನಯವಾಗಿ ಕೇಳಿತು: 'ಒಳಕ್ಕೆ ಹೋದ್ರೋ, ಹಿಂದಕ್ಕೆ ಹೋದ್ರೋ, ಸಾರ್?'